ಪರೀಕ್ಷಾ ಮನೆಯ ಬಾಗಿಲು

ಸೆಲ್ಲಕ್ಕ ಬರುವ ದಿನ ಆ ವಸತಿ ಸಮುಚ್ಚಯದ ಜನ ಮೊದಲೇ ಒಂದು ಸ್ಟೂಲು ತಂದು ಬಾಗಿಲ ಹತ್ತಿರ ಇಟ್ಟಿರುತ್ತಿದ್ದರು. ಅವಳು ಗಿಡ್ಡ, ಚೌಕಟ್ಟಿನ ಮೇಲ್ತುದಿಗೆ ಅಂಟಿಸಿದ ಸೆನ್ಸರು ಅವಳ ಕೈಗೆ ಎಟುಕುತ್ತಿರಲಿಲ್ಲ. ಹತ್ತುವ ಮುಂಚೆ ಸ್ಟೂಲಿನ ನಾಲ್ಕು ಕಾಲನ್ನೂ ಅಲ್ಲಾಡಿಸಿ ನೋಡುತ್ತಿದ್ದಳು. ಮನೆಯವರಿಗೆ ಇದು ಸ್ವಲ್ಪ ಅವಮಾನವೆನಿಸುತ್ತಿತ್ತು. ಅನಿಸಿದರೆ ಅನಿಸಲಿ ಎಂದು ಅವಳು ಆ ಪದ್ಧತಿ ಬಿಡಲಿಲ್ಲ.

ಆರು ಕಟ್ಟಡ, ಇನ್ನೂರ ಹದಿನಾಲ್ಕು ಮನೆ. ಪ್ರತಿ ಮನೆಯಲ್ಲೂ ಬಾಗಿಲಿಗೊಂದು, ಹೊಗೆಗೊಂದು, ಸಿಂಕಿನ ಕೆಳಗೆ ನೀರು ಸೋರಿದರೆ ತಿಳಿಸುವುದಕ್ಕೊಂದು ಸೆನ್ಸರು. ನೋಡಲು ಬೆಂಕಿಪೊಟ್ಟಣದಷ್ಟಿರುವ ಬಿಳಿ ಡಬ್ಬಿಗಳು. ತಂತಿಯಿಲ್ಲ, ಹೊಟ್ಟೆಯೊಳಗೆ ನಾಣ್ಯದಾಕಾರದ ಒಂದು ಸೆಲ್ಲು. ಅದರ ಬಲದಿಂದ ಸೆನ್ಸರು ಗೋಡೆಯ ಮೇಲಿನ ದೊಡ್ಡ ಪೆಟ್ಟಿಗೆಗೆ ಸುದ್ದಿ ಕಳಿಸುತ್ತದೆ, ಪೆಟ್ಟಿಗೆ ಅದನ್ನು ಫೋನಿಗೆ ಮುಟ್ಟಿಸುತ್ತದೆ. ಸೆಲ್ಲು ಸತ್ತರೆ ಸೆನ್ಸರಿಗೆ ಮಾತು ನಿಂತಂತೆ. ಸಾಯುವ ಮೊದಲೇ ಅದನ್ನು ಬದಲಾಯಿಸುವುದು ಅವಳ ಒಂದು ಕೆಲಸ. ಫರ್ಮ್‌ವೇರ್ ಅಪ್‌ಡೇಟ್ ಮಾಡುವುದು ಇನ್ನೊಂದು. ಸೆನ್ಸರು ಯಾವಾಗ ಎಚ್ಚರವಾಗಬೇಕು, ಯಾವಾಗ ಮಲಗಬೇಕು, ಏನು ಕಂಡರೆ ಕೂಗಬೇಕು ಎಂಬ ಸೂಚನೆಗಳೆಲ್ಲ ಅದರೊಳಗೇ ಇರುತ್ತವೆ, ಅವಕ್ಕೇ ಫರ್ಮ್‌ವೇರ್ ಎನ್ನುವುದು. ಕಂಪನಿಯವರು ಅವನ್ನು ಆಗಾಗ ತಿದ್ದಿ ಕಳಿಸುತ್ತಿದ್ದರು. ಅವಳು ಕಚೇರಿಯ ಕಂಪ್ಯೂಟರಿನ ಮುಂದೆ ಕುಳಿತು ತಿದ್ದಿದ ಸೂಚನೆಗಳನ್ನು ಅಷ್ಟೂ ಸೆನ್ಸರುಗಳಿಗೆ ಗಾಳಿಯಲ್ಲೇ ಇಳಿಸುತ್ತಿದ್ದಳು.

ಇದಕ್ಕೆ ಮೊದಲು ಇಪ್ಪತ್ತೆರಡು ವರ್ಷ ಅವಳು ಕೈಗಡಿಯಾರದ ಕಾರ್ಖಾನೆಯಲ್ಲಿ ಚಿಮಟಿಗೆ ಹಿಡಿದು ಕುಳಿತವಳು. ಕಾರ್ಖಾನೆ ಮುಚ್ಚಿದಾಗ ಉಳಿದವರು ಕೈಚೆಲ್ಲಿದರು. ಅವಳು ಎರಡು ತಿಂಗಳ ತರಬೇತಿ ಮುಗಿಸಿ ಈ ಕೆಲಸ ಹಿಡಿದಳು. ಸೆಲ್ಲನ್ನು ಅಂಚಿನಲ್ಲಿ ಮಾತ್ರ ಹಿಡಿಯುವುದು, ಬೆರಳಿನ ಜಿಡ್ಡು ತಾಗಿದರೆ ಬಟ್ಟೆಯಲ್ಲಿ ಒರೆಸುವುದು, ಹಾಕುವ ಮುನ್ನ ಅದರ ಬೆನ್ನಿನ ಮೇಲೆ ಸಣ್ಣ ಅಕ್ಷರದಲ್ಲಿ ತಿಂಗಳು ಇಸವಿ ಬರೆಯುವುದು, ಇವೆಲ್ಲ ಅವಳು ಕಾರ್ಖಾನೆಯಿಂದ ತಂದ ಶಿಸ್ತು. ಹೆಚ್ಚು ಮಾತಿನವಳಲ್ಲ. ಆದರೆ ಮಾತಿಗೆ ಮಾತು ಬಂದರೆ ಬಿಡುವವಳೂ ಅಲ್ಲ.

"ಸೆಲ್ಲಕ್ಕಾ, ನನ್ನ ಎದೆಗೂ ಒಂದು ಹೊಸಾದು ಹಾಕಿಬಿಡಮ್ಮ," ಎಂದು ಮೂರನೇ ಮಹಡಿಯ ನಿವೃತ್ತ ಬಸ್ ಚಾಲಕ ಪ್ರತಿಸಲವೂ ಹೇಳುತ್ತಿದ್ದ.

"ನಿಮ್ಮ ಮಾಡೆಲ್ಲು ನಿಂತುಹೋಗಿದೆ ಯಜಮಾನ್ರೇ. ಸ್ಪೇರ್ ಸಿಗಲ್ಲ," ಎಂದು ಅವಳು ಸ್ಟೂಲಿನಿಂದ ಇಳಿಯುತ್ತಿದ್ದಳು.

ಆ ಸೆಲ್ಲುಗಳದ್ದು ಒಂದು ಕೆಟ್ಟ ಸ್ವಭಾವ. ಅವು ಸಣ್ಣಗೆ ಸವೆದದ್ದನ್ನು ತೋರಿಸುವುದಿಲ್ಲ. ಪರದೆಯ ಮೇಲೆ ತಿಂಗಳುಗಟ್ಟಲೆ ತೊಂಬತ್ತು, ಎಂಬತ್ತೈದು ಎಂದು ತೋರಿಸುತ್ತಿರುತ್ತವೆ. ಕೊನೆಗೊಂದು ದಿನ ಇದ್ದಕ್ಕಿದ್ದಂತೆ ಕುಸಿಯುತ್ತವೆ. ಅದರಲ್ಲೂ ಅಪ್‌ಡೇಟಿನ ಹೊತ್ತು ಅಪಾಯದ್ದು. ಮಾಮೂಲು ದಿನಗಳಲ್ಲಿ ಸೆನ್ಸರು ರೆಪ್ಪೆ ಮಿಟುಕಿಸುವಷ್ಟು ಹೊತ್ತು ಎದ್ದು ಮತ್ತೆ ಮಲಗುತ್ತದೆ. ಅಪ್‌ಡೇಟ್ ಇಳಿಯುವಾಗ ಮುಕ್ಕಾಲು ಗಂಟೆ ಎದ್ದೇ ಕೂತಿರಬೇಕು. ಹಳೆಯ ಸೆಲ್ಲು ಆ ಭಾರ ತಡೆಯುವುದಿಲ್ಲ. ಅರ್ಧಕ್ಕೆ ಸೆಲ್ಲು ಕೈಕೊಟ್ಟರೆ ಹಳೆಯ ಸೂಚನೆಯೂ ಇಲ್ಲ, ಹೊಸದೂ ಇಲ್ಲ, ಬೇರೆ ಸೆಲ್ಲು ಹಾಕಿ ಮತ್ತೆ ಇಳಿಸುವವರೆಗೆ ಸೆನ್ಸರು ಕಲ್ಲಿನ ಹಾಗೆ. ಅದಕ್ಕೇ ಕಚೇರಿಯ ಗೋಡೆಯ ಮೇಲೆ ಅವಳೇ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದಳು: ‘ಶೇಕಡಾ ನಂಬಬೇಡಿ, ತಾರೀಖು ನೋಡಿ. ವರ್ಷ ದಾಟಿದ ಸೆಲ್ಲಿಗೆ ಅಪ್‌ಡೇಟ್ ಹಾಕಬೇಡಿ.’ ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಇದನ್ನು ಬಾಯಿಪಾಠ ಮಾಡಿಸುತ್ತಿದ್ದಳು.

ಬಾಡಿಗೆದಾರರ ಮನೆಗಳಲ್ಲಿ ಸೆಲ್ಲುಗಳನ್ನು ವರ್ಷಕ್ಕೊಮ್ಮೆ ಕಡ್ಡಾಯವಾಗಿ ಬದಲಾಯಿಸುತ್ತಿದ್ದರು. ತೆಗೆದ ಸೆಲ್ಲುಗಳನ್ನು ಹಳದಿ ಡಬ್ಬಕ್ಕೆ ಹಾಕಿ ಕಂಪನಿಗೆ ಹಿಂದಿರುಗಿಸಬೇಕು. ಯಾರೂ ಮನೆಗೆ ಒಯ್ಯಕೂಡದು, ಒಯ್ದರೆ ಕೆಲಸದಿಂದ ತೆಗೆಯಲಾಗುವುದು ಎಂದು ನೇಮಕದ ಪತ್ರದಲ್ಲೇ ಇತ್ತು. ಸೆಲ್ಲಕ್ಕ ಒಯ್ಯುತ್ತಿದ್ದಳು. ಹೆಚ್ಚಲ್ಲ, ಎರಡೋ ಮೂರೋ, ಕೆಲಸದ ಕೋಟಿನ ಒಳಜೇಬಿನಲ್ಲಿ. ಅರ್ಧ ಜೀವ ಉಳಿದಿರುವ ವಸ್ತುವನ್ನು ಕಸಕ್ಕೆ ಎಸೆಯುವುದು ಅವಳಿಂದ ಆಗುತ್ತಿರಲಿಲ್ಲ. ಅವಳ ಮನೆಯಲ್ಲೂ ಒಂದು ಸೆನ್ಸರಿತ್ತು. ಅದಕ್ಕೆ ಈ ಅರೆಜೀವದ ಸೆಲ್ಲು ಹಾಕಿದರೆ ಇನ್ನೂ ಎಂಟು ಹತ್ತು ತಿಂಗಳು ಓಡುತ್ತದೆಂದು ಅವಳ ಲೆಕ್ಕ. ನಾಲ್ಕು ವರ್ಷ ಆ ಲೆಕ್ಕ ತಪ್ಪಿರಲಿಲ್ಲ.

ಮನೆಯ ಆ ಸೆನ್ಸರು ಇದ್ದದ್ದು ಸ್ನಾನದ ಕೋಣೆಯ ಬಾಗಿಲಿಗೆ.

ಮನೆ ಎಂದರೆ ಹಳೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ ಎರಡು ಕೋಣೆ. ಒಂದರಲ್ಲಿ ಅವಳು, ಇನ್ನೊಂದರಲ್ಲಿ ತಮ್ಮ. ತಮ್ಮ ನೆಲಕ್ಕೆ ಟೈಲ್ಸ್ ಕೂರಿಸುವ ಕಸುಬಿನವನು. ಏಳು ವರ್ಷದ ಹಿಂದೆ, ಮೂವತ್ತೈದನೇ ವಯಸ್ಸಿನಲ್ಲಿ, ಕಟ್ಟುತ್ತಿದ್ದ ಮನೆಯ ಮೆಟ್ಟಿಲಿನಿಂದ ಬಿದ್ದು ತಲೆಗೆ ಪೆಟ್ಟಾಯಿತು. ಗಾಯ ಮಾಯಿತು, ಫಿಟ್ಸ್ ಉಳಿಯಿತು. ತಿಂಗಳಿಗೊಮ್ಮೆ, ಕೆಲವೊಮ್ಮೆ ಎರಡು ಸಲ, ಹೇಳದೆ ಕೇಳದೆ ಬರುತ್ತಿತ್ತು. ಬಂದಾಗ ನಿಂತಲ್ಲೇ ಬೀಳುತ್ತಿದ್ದ. ಬುದ್ಧಿಗೆ ಏನೂ ಆಗಿರಲಿಲ್ಲ. ಅಡುಗೆ ಮಾಡುತ್ತಿದ್ದ, ಕೆಳಗಿನ ಮನೆಯ ದರ್ಜಿಯ ಜೊತೆ ಚದುರಂಗ ಆಡುತ್ತಿದ್ದ, ಅಕ್ಕನ ಕೋಟಿಗೆ ಗುಂಡಿ ಹೊಲಿಯುತ್ತಿದ್ದ. ಬೇರೆ ಎಲ್ಲದಕ್ಕೂ ಒಗ್ಗಿಕೊಂಡವನು ಒಂದಕ್ಕೆ ಮಾತ್ರ ಒಪ್ಪಲಿಲ್ಲ. ಬಾಗಿಲು ತೆರೆದಿಟ್ಟು ಸ್ನಾನ ಮಾಡುವುದಿಲ್ಲ ಎಂದ.

"ಚಿಕ್ಕಕ್ಕಾ, ಮೂವತ್ತೆಂಟು ವರ್ಷದ ಗಂಡಸು ನಾನು. ಚಿಲಕ ಬೇಡ ಅಂದೆ, ಒಪ್ಪಿದೆ. ಬಾಗಿಲೂ ಬೇಡ ಅಂದ್ರೆ ನನ್ನನ್ನ ತೊಟ್ಟೀಲಿ ಕೂರಿಸಿ ನೀನೇ ನೀರು ಹೊಯ್ಯಿ."

ಆ ಜಗಳದಿಂದ ಹುಟ್ಟಿದ್ದು ಆ ಸೆನ್ಸರು. ಬಾಗಿಲು ಮುಚ್ಚಿ ಹನ್ನೆರಡು ನಿಮಿಷದೊಳಗೆ ತೆರೆಯದಿದ್ದರೆ ಅವಳ ಫೋನೂ ದರ್ಜಿಯ ಫೋನೂ ಒಟ್ಟಿಗೆ ಕೂಗುತ್ತಿದ್ದವು. ದರ್ಜಿಯ ಹತ್ತಿರ ಬೀಗದ ಕೈ ಇತ್ತು. ನಾಲ್ಕು ವರ್ಷದಲ್ಲಿ ಆರು ಸಲ ಹಾಗೆ ಕೂಗಿತ್ತು. ಐದು ಸಲ ಆತ ಕುತ್ತಿಗೆಗೆ ಅಳತೆ ಪಟ್ಟಿ ನೇತುಹಾಕಿಕೊಂಡೇ ಮೆಟ್ಟಿಲು ಹತ್ತಿ ಓಡಿ ಬಂದು ತಮ್ಮನನ್ನು ಮಗ್ಗುಲಿಗೆ ಹೊರಳಿಸಿ ಮಲಗಿಸಿದ್ದ. ಆರನೆಯ ಸಲ ಕೂಗಿದಾಗ ತಮ್ಮ ಸೋಪು ಹಚ್ಚಿಕೊಂಡು ಹಾಡು ಹೇಳುತ್ತಾ ಹೊತ್ತು ಮರೆತಿದ್ದ.

"ಹಾಡೋದಾದ್ರೆ ಬಾಗಿಲು ತೆಗೆದು ಹಾಡಯ್ಯ," ಎಂದು ದರ್ಜಿ ಏದುಸಿರು ಬಿಟ್ಟ. "ಗಿರಾಕಿಯ ಪ್ಯಾಂಟಿಗೆ ಒಂದೇ ಕಾಲು ಹೊಲಿದು ಬಂದಿದ್ದೀನಿ."

"ಒಂಟಿ ಕಾಲಿನ ಗಿರಾಕಿಗೆ ಮಾರಿಬಿಡಿ," ಎಂದು ಒಳಗಿನಿಂದ ಉತ್ತರ ಬಂತು.

ಈ ವ್ಯವಸ್ಥೆಯನ್ನು ಕಂಡರೆ ಆಗದವಳು ದೊಡ್ಡಕ್ಕ. ಅವಳು ನ್ಯಾಯಾಲಯದಲ್ಲಿ ಸಾಕ್ಷಿಗಳ ಹೇಳಿಕೆಯನ್ನು ಬೆರಳಚ್ಚು ಮಾಡುವವಳು. ಮೂವತ್ತು ವರ್ಷ ಆ ಕೆಲಸ ಮಾಡಿ ಮನೆಯಲ್ಲೂ ಪಾಟೀ ಸವಾಲು ಹಾಕುವ ಅಭ್ಯಾಸ ಬಂದಿತ್ತು. ಊರ ಹೊರಗಿನ ಆರೈಕೆ ಕೇಂದ್ರಕ್ಕೆ ತಮ್ಮನನ್ನು ಸೇರಿಸಬೇಕೆಂದು ಅವಳು ಮೊದಲಿನಿಂದ ಹೇಳುತ್ತಿದ್ದಳು.

"ಬೆಳಿಗ್ಗೆಯಿಂದ ಸಾಯಂಕಾಲದವರೆಗೆ ಅವನನ್ನ ನೋಡ್ಕೊಳ್ಳೋರು ಯಾರು? ನೀನಾ? ನಾನಾ?"

"ಸೆನ್ಸರಿದೆ. ದರ್ಜಿ ಇದ್ದಾರೆ."

"ಬೆಂಕಿಪೊಟ್ಟಣ ನೋಡ್ಕೊಳ್ಳುತ್ತೆ ಅಂತ ಒಬ್ಬ ಮನುಷ್ಯನ್ನ ಬಿಟ್ಟು ಹೋಗ್ತೀಯಲ್ಲೇ! ಅದು ಒಂದು ಸಲ, ಒಂದೇ ಸಲ ತಪ್ಪಲಿ. ಆಮೇಲೆ ನಾನು ಯಾರ ಮಾತೂ ಕೇಳಲ್ಲ."

"ತಪ್ಪಲ್ಲ," ಎಂದಿದ್ದಳು ಸೆಲ್ಲಕ್ಕ. ಆ ಮಾತಿನ ಮೇಲೆಯೇ ತಮ್ಮ ಮನೆಯಲ್ಲಿ ಉಳಿದಿದ್ದ.

ಅವಳ ಮನೆಯ ಪೆಟ್ಟಿಗೆ ಕಚೇರಿಯ ಪಟ್ಟಿಯಲ್ಲೂ ಇತ್ತು. ಹೊಸ ಫರ್ಮ್‌ವೇರ್ ಬಂದಾಗ ಮೊದಲು ಯಾವುದಾದರೂ ಒಂದು ಮನೆಯಲ್ಲಿ ಹಾಕಿ ನೋಡಬೇಕು. ಬಾಡಿಗೆದಾರರು ಯಾರೂ ಒಪ್ಪದಿದ್ದಾಗ ಅವಳೇ ತನ್ನ ಮನೆಯನ್ನು ಕೊಟ್ಟಿದ್ದಳು. ಪಟ್ಟಿಯಲ್ಲಿ ಆರು ಕಟ್ಟಡಗಳ ಕೆಳಗೆ ಏಳನೆಯ ಸಾಲು: ‘ಪರೀಕ್ಷಾ ಮನೆ’. ಅಪ್‌ಡೇಟಿನ ಹಿಂದಿನ ದಿನ ಮನೆಯ ಸೆನ್ಸರಿಗೆ ಹೊಸ ಸೆಲ್ಲು ಹಾಕಿ, ಅಪ್‌ಡೇಟ್ ಇಳಿದ ಮೇಲೆ ಹಳೆಯದನ್ನೇ ವಾಪಸ್ ಕೂರಿಸುತ್ತಿದ್ದಳು. ಹೊಸ ಸೆಲ್ಲು ಕಂಪನಿಯದು, ಅದನ್ನು ಉಳಿಸಿಕೊಂಡರೆ ಕಳವು. ಹಳೆಯದು ಕಸ, ಕಸ ತೆಗೆದುಕೊಂಡರೆ ಕಳವಲ್ಲ. ಅವಳ ಪ್ರಾಮಾಣಿಕತೆಗೆ ಅಂಥದೊಂದು ಗೆರೆ ಇತ್ತು.

ಆ ವರ್ಷದ ಚಳಿಗಾಲದಲ್ಲಿ ಒಂದು ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಮೇಲ್ವಿಚಾರಕ ಅವಳ ಮೇಜಿನ ಹತ್ತಿರ ಬಂದ. ಹಿಂದಿನ ಫರ್ಮ್‌ವೇರಿನಲ್ಲಿ ದೋಷವಿತ್ತು. ಬಾಗಿಲಿನ ಸೆನ್ಸರುಗಳು ಮಲಗಬೇಕಾದ ಹೊತ್ತಿನಲ್ಲೂ ಎದ್ದಿದ್ದು ಸೆಲ್ಲು ತಿನ್ನುತ್ತಿದ್ದವು. ತಿದ್ದುಪಡಿ ಬಂದಿದೆ, ಇವತ್ತೇ ಹಾಕಬೇಕು.

"ಪರೀಕ್ಷೆ ಬೇಡ್ವಾ ಸಾರ್? ಒಂದು ವಾರ?"

"ವಾರ ಕಾದ್ರೆ ಅರ್ಧ ಸೆಲ್ಲು ಖಾಲಿ. ಹಾಕಿಬಿಡಮ್ಮ. ಈ ಕಟ್ಟಡಗಳಿಗೆಲ್ಲ ನೀನು ಹೊಸ ಸೆಲ್ಲು ಹಾಕಿ ಒಂಬತ್ತೇ ತಿಂಗಳಾಗಿದೆಯಲ್ಲ."

ಅದು ನಿಜ. ಅವಳು ಪಟ್ಟಿ ತೆರೆದಳು. ಕಟ್ಟಡಗಳನ್ನು ಒಂದೊಂದಾಗಿ ಗುರುತು ಮಾಡಬೇಕು, ಇಲ್ಲವೆ ಮೇಲೆ ಏಳೂ ಸಾಲಿಗೆ ಸೇರಿ ‘ಎಲ್ಲವೂ’ ಎಂಬ ಒಂದೇ ಚೌಕವಿದೆ. ಅಷ್ಟರಲ್ಲಿ ಐದನೇ ಕಟ್ಟಡದಿಂದ ಫೋನು ಬಂತು. ಹೊಗೆಯ ಸೆನ್ಸರು ಕಾರಣವಿಲ್ಲದೆ ಅರಚುತ್ತಿದೆ, ಮಗು ಹೆದರಿದೆ, ತಕ್ಷಣ ಬನ್ನಿ. ಫೋನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡೇ ಅವಳು ‘ಎಲ್ಲವೂ’ ಒತ್ತಿದಳು. ಆಗ ಹತ್ತೂ ಕಾಲು.

ಹನ್ನೆರಡಕ್ಕೆ ವಾಪಸ್ ಬಂದಾಗ ಪರದೆಯ ಮೇಲೆ ಬಹುತೇಕ ಎಲ್ಲ ಹಸಿರಾಗಿತ್ತು. ಆರು ಮಾತ್ರ ಬಾಕಿ. ಬಾಕಿ ಉಳಿಯುವುದು ಹೊಸದಲ್ಲ. ಮಲಗಿದ್ದ ಸೆನ್ಸರುಗಳು ಸಂಜೆಯೊಳಗೆ ಎದ್ದು ತಾವೇ ಮುಗಿಸಿಕೊಳ್ಳುತ್ತವೆ. ಅವಳು ಆ ಆರನ್ನು ತೆರೆದು ನೋಡಲಿಲ್ಲ. ಅಭ್ಯಾಸದಂತೆ ಫೋನು ತೆಗೆದು ಮನೆಯದ್ದನ್ನು ಮಾತ್ರ ನೋಡಿದಳು. ‘ಬಾಗಿಲು ತೆರೆದಿದೆ. ಬ್ಯಾಟರಿ ಎಂಬತ್ತನಾಲ್ಕು.’ ತಮ್ಮ ದಿನಾ ಹನ್ನೊಂದಕ್ಕೆ ಸ್ನಾನ ಮಾಡುವವನು. ಮುಗಿಸಿ ಹೊರಗೆ ಬಂದಿದ್ದಾನೆ ಎಂದುಕೊಂಡು ಬುತ್ತಿ ಬಿಚ್ಚಿದಳು.

ಪೆಟ್ಟಿಗೆ ಸುಳ್ಳು ಹೇಳಿರಲಿಲ್ಲ. ಅದಕ್ಕೆ ತಿಳಿದ ಕೊನೆಯ ಸಂಗತಿಯನ್ನೇ ಹೇಳುತ್ತಿತ್ತು. ಸೆನ್ಸರಿನಿಂದ ಒಂದು ಇಡೀ ದಿನ ಸುದ್ದಿ ಬರದಿದ್ದರೆ ಮಾತ್ರ ‘ಸಂಪರ್ಕವಿಲ್ಲ’ ಎಂದು ತೋರಿಸುವ ಪದ್ಧತಿ ಅದರದ್ದು. ಇದೂ ಅವಳಿಗೆ ಗೊತ್ತಿದ್ದದ್ದೇ.

ಸಂಜೆ ಐದೂವರೆಗೆ ಮನೆಯ ಬೀಗ ತೆಗೆದಾಗ ನೀರಿನ ಸದ್ದು ಕೇಳಿತು. ಸ್ನಾನದ ಕೋಣೆಯ ಬಾಗಿಲು ಮುಚ್ಚಿತ್ತು. ತಳ್ಳಿದಳು. ತಮ್ಮ ನೆಲದ ಮೇಲೆ ಬಿದ್ದಿದ್ದ, ಬಲಗೈ ಬೆನ್ನ ಕೆಳಗೆ ತಿರುಚಿಕೊಂಡಿತ್ತು. ಎಡಗಾಲಿನ ಮೇಲೆ ನಲ್ಲಿಯ ನೀರು ಬೀಳುತ್ತಿತ್ತು. ಈಗ ತಣ್ಣೀರು, ಬಿದ್ದಾಗ ಅದು ಕುದಿಯುವ ನೀರಾಗಿತ್ತು. ಮೊಣಕಾಲಿನಿಂದ ಪಾದದವರೆಗೆ ಚರ್ಮ ಬೇರೆಯಾಗಿ ಬಂದಿತ್ತು. ಆರೂವರೆ ಗಂಟೆ ಅವನು ಹಾಗೆ ಇದ್ದ. ಒಂದಿಷ್ಟು ಹೊತ್ತು ಪ್ರಜ್ಞೆ ಇಲ್ಲದೆ, ಉಳಿದ ಹೊತ್ತು ಪ್ರಜ್ಞೆ ಇದ್ದೇ. ಕೂಗಿದ್ದನಂತೆ. ಕೆಳಗೆ ಹೊಲಿಗೆ ಯಂತ್ರ ಓಡುತ್ತಿತ್ತು.

ಅವಳು ನಲ್ಲಿ ನಿಲ್ಲಿಸಿದಳು, ಕಂಬಳಿ ಹೊದಿಸಿದಳು, ಆಂಬುಲೆನ್ಸಿಗೆ ಫೋನು ಮಾಡಿದಳು. ದರ್ಜಿಯನ್ನು ಕೂಗಿ ಬೀದಿಗೆ ಕಳಿಸಿದಳು, ದಾರಿ ತೋರಿಸಲಿ ಎಂದು. ಆಮೇಲೆ ಅಡುಗೆಮನೆಯ ಸ್ಟೂಲು ತಂದಳು. ಅದರ ಕಾಲು ಅಲ್ಲಾಡಿಸಿ ನೋಡಲಿಲ್ಲ. ಹತ್ತಿ, ಸೆನ್ಸರಿನ ಮುಚ್ಚಳ ತೆಗೆದು ಸೆಲ್ಲನ್ನು ಉಗುರಿನಿಂದ ಎಬ್ಬಿಸಿದಳು. ಅದರ ಬೆನ್ನ ಮೇಲೆ ಅವಳದೇ ಅಕ್ಷರದಲ್ಲಿ ತಿಂಗಳು ಇಸವಿ. ಒಂದು ವರ್ಷ ಒಂಬತ್ತು ತಿಂಗಳ ಹಿಂದಿನದು. ಅದನ್ನು ಕೋಟಿನ ಒಳಜೇಬಿಗೆ ಹಾಕಿಕೊಂಡು ಮುಚ್ಚಳ ಮುಚ್ಚಿದಳು.

ಕೆಳಗೆ ನೋಡಿದರೆ ತಮ್ಮನ ಕಣ್ಣು ತೆರೆದಿತ್ತು. ಅವನು ಅವಳ ಕೈಯನ್ನೇ ನೋಡುತ್ತಿದ್ದ.

ದೊಡ್ಡಕ್ಕ ನ್ಯಾಯಾಲಯದಿಂದ ನೇರ ಆಸ್ಪತ್ರೆಗೆ ಬಂದಳು. ವೈದ್ಯರ ಹತ್ತಿರ ಏನೇನು ಕೇಳಬೇಕೋ ಎಲ್ಲ ಕೇಳಿ, ಹಾಸಿಗೆಯ ಪಕ್ಕ ಬಂದು ನಿಂತಳು.

"ನಿನ್ನ ಬೆಂಕಿಪೊಟ್ಟಣ ಏನ್ ಮಾಡ್ತಿತ್ತು?"

ಸೆಲ್ಲಕ್ಕ ಬಾಯಿ ತೆರೆದಳು. ಮಾತು ಹೊರಡುವ ಮುಂಚೆ ಹಾಸಿಗೆಯಿಂದ ತಮ್ಮನ ದನಿ ಬಂತು. ನೋವಿನ ಔಷಧಿಯಿಂದ ನಾಲಗೆ ತೊದಲುತ್ತಿತ್ತು.

"ನಾನೇ ಕಣೇ ದೊಡ್ಡಕ್ಕ. ಸೆಲ್ಲು ತೆಗೆದಿದ್ದೆ. ಅಡುಗೆಮನೆ ತೂಕದ ಮಷೀನು ನಿಂತುಹೋಗಿತ್ತು. ಅದಕ್ಕೆ ಹಾಕೋಣ ಅಂತ."

"ಯಾವಾಗ?"

"ಬೆಳಿಗ್ಗೆ. ಆಮೇಲೆ ವಾಪಸ್ ಹಾಕೋಕೆ ಮರೆತೆ."

ದೊಡ್ಡಕ್ಕ ಅವನನ್ನು ನೋಡಿದಳು, ತಂಗಿಯನ್ನು ನೋಡಿದಳು. ಸೆಲ್ಲಕ್ಕ ತುಟಿ ಪಿಟಕ್ಕೆನ್ನಲಿಲ್ಲ.

ಮಾರನೆಯ ಬೆಳಿಗ್ಗೆ ಅವನ ಬಟ್ಟೆಬರೆ ಒಯ್ಯಲು ದೊಡ್ಡಕ್ಕ ಮನೆಗೆ ಬರುವವಳಿದ್ದಳು. ಅವಳು ಬರುವ ಮುಂಚೆ ಸೆಲ್ಲಕ್ಕ ತೂಕದ ಯಂತ್ರವನ್ನು ಮಗುಚಿ, ಅದರೊಳಗಿದ್ದ ಸೆಲ್ಲನ್ನು ತೆಗೆದು, ಜೇಬಿನಲ್ಲಿದ್ದದ್ದನ್ನು ಹಾಕಿದಳು. ಸೆನ್ಸರಿನ ಭಾರ ತಾಳದ ಸೆಲ್ಲು ತೂಕದ ಯಂತ್ರಕ್ಕೆ ಧಾರಾಳವಾಗಿ ಸಾಕಾಯಿತು. ಅಂಕಿಗಳು ಸ್ಪಷ್ಟವಾಗಿ ಮೂಡಿದವು. ಸುಳ್ಳು ಹೇಳಿದವನು ತಮ್ಮ. ಅದಕ್ಕೆ ಸಾಕ್ಷಿ ಒದಗಿಸಿದವಳು ಅವಳು. ದೊಡ್ಡಕ್ಕ ಬಂದವಳು ನಿರೀಕ್ಷಿಸಿದಂತೆಯೇ ಅಡುಗೆಮನೆಗೆ ಹೋಗಿ ಯಂತ್ರವನ್ನು ಮಗುಚಿ ನೋಡಿದಳು. ಬಟ್ಟೆ ಮಡಚಿ ಚೀಲಕ್ಕೆ ತುಂಬಿಕೊಂಡು ಹೋದಳು.

ಕಚೇರಿಯಲ್ಲಿ ಆ ವಿಷಯಕ್ಕೆ ಎರಡು ಮಾತಿನಲ್ಲಿ ತೆರೆ ಬಿತ್ತು.

"ಪರೀಕ್ಷಾ ಮನೆ ಒಂದು ಅರ್ಧಕ್ಕೇ ನಿಂತಿದೆಯಲ್ಲಮ್ಮ," ಎಂದ ಮೇಲ್ವಿಚಾರಕ.

"ಸೆಲ್ಲು ದುರ್ಬಲವಾಗಿತ್ತು ಸಾರ್. ಬದಲಾಯಿಸಿ ಮುಗಿಸ್ತೀನಿ."

ಹಾಗೆಯೇ ಮುಗಿಸಿದಳು. ಹೊಸ ಸೆಲ್ಲಿನಲ್ಲಿ ಮುಕ್ಕಾಲು ಗಂಟೆ ಹಿಡಿಯಿತು, ಸಾಲು ಹಸಿರಾಯಿತು.

ತಮ್ಮ ಎಂಟು ವಾರ ಆಸ್ಪತ್ರೆಯಲ್ಲಿದ್ದ. ತೊಡೆಯ ಚರ್ಮ ತೆಗೆದು ಕಾಲಿಗೆ ಹಾಕಿದರು. ಪಾದ ಮಡಚದಂತಾಯಿತು, ನಡೆಯಲು ನಾಲ್ಕು ಕಾಲಿನ ಊರುಗೋಲು ಬೇಕಾಯಿತು. ಅಲ್ಲಿಂದ ಅವನನ್ನು ಮನೆಗೆ ತರಲಿಲ್ಲ. ಆರೈಕೆ ಕೇಂದ್ರದ ಅರ್ಜಿಯನ್ನು ದೊಡ್ಡಕ್ಕ ತುಂಬಿದಳು. ‘ಸುರಕ್ಷಾ ಸಾಧನಗಳಿಗೆ ಕೈಹಾಕುವ ಅಭ್ಯಾಸವಿದೆಯೇ?’ ಎಂದು ಅದರಲ್ಲೊಂದು ಪ್ರಶ್ನೆ. ದೊಡ್ಡಕ್ಕ ಸ್ವಲ್ಪ ಹೊತ್ತು ಪೆನ್ನು ಎತ್ತಿ ಹಿಡಿದಿದ್ದಳು. ಎದುರಿಗೆ ಕುಳಿತ ತಂಗಿ ಏನೂ ಹೇಳದ್ದು ನೋಡಿ ‘ಇದೆ’ ಎಂದು ಬರೆದಳು.

ಆ ಒಂದು ಪದದಿಂದಾಗಿ ಅವನಿಗೆ ಕೆಳಮಹಡಿಯ ಉದ್ದ ಕೋಣೆಯಲ್ಲಿ ಜಾಗ ಸಿಕ್ಕಿತು. ಅದು ಹೇಳಿದ ಮಾತು ಕೇಳದವರ, ಕೈ ಸುಮ್ಮನಿರದವರ ಕೋಣೆ. ಅಲ್ಲಿ ಎಂಟು ಹಾಸಿಗೆ. ಸ್ನಾನದ ಕೋಣೆಗೆ ಬಾಗಿಲಿರಲಿಲ್ಲ, ಸೊಂಟದವರೆಗಿನ ಒಂದು ಪರದೆಯಿತ್ತು. ನೋಡಿಕೊಳ್ಳುವವನು ಪರದೆಯ ಈಚೆ ನಿಂತು ಬೇರೊಬ್ಬನ ಜೊತೆ ಮಾತಾಡುತ್ತಿದ್ದ. ಅಲ್ಲಿಯ ಜನ ಕೆಟ್ಟವರಲ್ಲ. ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುತ್ತಿದ್ದರು, ಹಾಸಿಗೆಯ ಬಟ್ಟೆ ಬದಲಾಯಿಸುತ್ತಿದ್ದರು. ಫಿಟ್ಸ್ ಬಂದಾಗ ಕ್ಷಣದಲ್ಲಿ ಓಡಿ ಬರುತ್ತಿದ್ದರು.

ಮೊದಲ ಮೂರು ತಿಂಗಳು ತಾತ್ಕಾಲಿಕ ದಾಖಲೆ. ಅದು ಮುಗಿದಾಗ ಮನೆಯವರು ಬಂದು, ಕರೆದುಕೊಂಡು ಹೋಗುತ್ತೇವೆ ಎನ್ನಬೇಕು ಇಲ್ಲವೆ ಕಾಯಂ ಕಾಗದಕ್ಕೆ ಇಬ್ಬರು ಸಹಿ ಹಾಕಬೇಕು. ಕಾಯಂ ಆದರೆ ಅವನ ಅಂಗವಿಕಲ ಪಿಂಚಣಿ, ಆಸ್ಪತ್ರೆಯ ಕಡತ ಎಲ್ಲವೂ ಕೇಂದ್ರದ ವಶ. ಆಮೇಲೆ ಬಿಡಿಸಿಕೊಂಡು ಬರುವುದು ಆಗದ ಮಾತು.

ಆ ಮೂರು ತಿಂಗಳು ಸೆಲ್ಲಕ್ಕ ದಿನವೂ ಕೆಲಸಕ್ಕೆ ಹೋದಳು, ಭಾನುವಾರ ಬಸ್ಸು ಹಿಡಿದು ಕೇಂದ್ರಕ್ಕೆ ಹೋದಳು. ಮೊದಲೆರಡು ವಾರ ಬುತ್ತಿ ತುಂಬಿದಂತೆಯೇ ಮನೆಗೆ ವಾಪಸ್ ಬರುತ್ತಿತ್ತು. ಆಮೇಲೆ ಖಾಲಿಯಾಗಿ ಬರತೊಡಗಿತು. ಕೆಲಸದ ನಡುವೆ ಫೋನು ಸದ್ದು ಮಾಡಿದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಅದನ್ನು ಎತ್ತಿಕೊಳ್ಳುವುದು ನಿಂತಿತು. ಏಳು ವರ್ಷದಲ್ಲಿ ಮೊದಲ ಬಾರಿಗೆ ಸಂಜೆ ಅವಸರವಿಲ್ಲದೆ, ಅಂಗಡಿಯ ಗಾಜುಗಳನ್ನು ನೋಡುತ್ತಾ ನಡೆದು ಬಂದಳು. ಒಂದು ಸಂಜೆ ಕೆರೆಯ ಸುತ್ತ ಎರಡು ಸುತ್ತು ಹಾಕಿದಳು.

"ನಿಮ್ಮ ಮುಖಕ್ಕೆ ಈಗ ಸ್ವಲ್ಪ ಕಳೆ ಬಂದಿದೆ," ಎಂದ ದರ್ಜಿ. ಒಳ್ಳೆಯದಾಗಲಿ ಎಂದೇ ಹೇಳಿದ ಮಾತು ಅದು. ಅವಳು ಅವನ ಮೇಲೆ ಸಿಟ್ಟಾಗಿ ಒಂದು ವಾರ ಮಾತಾಡಲಿಲ್ಲ. ಕಾರಣ ಅವನಿಗೆ ತಿಳಿಯಲಿಲ್ಲ.

ಸಹಿಯ ದಿನ ಬಂತು. ಅಕ್ಕ ತಂಗಿ ಇಬ್ಬರೂ ಕೇಂದ್ರದ ಕಚೇರಿಯ ಹೊರಗೆ ಬೆಂಚಿನ ಮೇಲೆ ಕುಳಿತರು. ಕಾಗದ ದೊಡ್ಡಕ್ಕನ ತೊಡೆಯ ಮೇಲಿತ್ತು. ಒಳಗೆ ಯಾರೋ ಕುರ್ಚಿ ಎಳೆದಾಡುತ್ತಿದ್ದರು.

"ಮೂವತ್ತು ವರ್ಷದಿಂದ ಜನ ಹೇಳಿದ್ದನ್ನ ಬರೆದುಕೊಳ್ತಾ ಬಂದಿದ್ದೀನಿ," ಎಂದಳು ದೊಡ್ಡಕ್ಕ. "ಯಾರು ಏನು ಹೇಳಿದ್ರು ಅನ್ನೋದಕ್ಕಿಂತ ಯಾರು ಹೇಳಲಿಲ್ಲ ಅನ್ನೋದು ನನಗೆ ಬೇಗ ಗೊತ್ತಾಗುತ್ತೆ. ಅವನು ಹೇಳಿದ. ನೀನು ಇಲ್ಲಿಯವರೆಗೂ ಬಾಯಿ ಬಿಟ್ಟಿಲ್ಲ."

ಸೆಲ್ಲಕ್ಕ ಎದುರಿನ ಗೋಡೆ ನೋಡುತ್ತಿದ್ದಳು.

"ಒಂದೇ ಸಲ ಕೇಳ್ತೀನಿ. ಸೆಲ್ಲು ಅವನು ತೆಗೆದನಾ, ಇಲ್ವಾ? ಕೈಹಾಕೋ ಚಟ ಇದ್ರೆ ಅವನು ಇಲ್ಲೇ ಇರಬೇಕು. ಇಲ್ಲ ಅಂದ್ರೆ ಇವತ್ತೇ ಕರ್ಕೊಂಡು ಹೋಗೋಣ. ಮುಂದಿನ ತಿಂಗಳು ನಾನು ರಿಟೈರ್ ಆಗ್ತೀನಿ. ಹಗಲೆಲ್ಲ ನಿಮ್ಮನೇಲೇ ಬಂದು ಇರ್ತೀನಿ. ಬೆಂಕಿಪೊಟ್ಟಣ ಬೇಡ, ನಾನೇ ಬಾಗಿಲ ಹೊರಗೆ ಕೂತಿರ್ತೀನಿ."

"ನೀನಾ?"

"ಹ್ಞೂಂ, ನಾನೇ. ಏನೀಗ? ಹೇಳು."

ಇಷ್ಟು ವರ್ಷ ಕೇಂದ್ರ, ಕೇಂದ್ರ ಎಂದವಳು ಹೀಗೆ ಹೇಳಿಯಾಳೆಂದು ಸೆಲ್ಲಕ್ಕ ಎಣಿಸಿರಲಿಲ್ಲ. ಉತ್ತರ ಬಾಯಿಯ ತುದಿಯಲ್ಲೇ ಇತ್ತು. ಆದರೆ ಅದರ ಹಿಂದೆಯೇ ಉಳಿದದ್ದೂ ಬರಬೇಕಾಗುತ್ತಿತ್ತು. ಹಳದಿ ಡಬ್ಬ, ಒಳಜೇಬು, ‘ಎಲ್ಲವೂ’ ಎಂಬ ಚೌಕ, ಆಂಬುಲೆನ್ಸ್ ಬರುವ ಮುಂಚೆ ತಂದ ಸ್ಟೂಲು, ಮಗುಚಿದ ತೂಕದ ಯಂತ್ರ. ದೊಡ್ಡಕ್ಕ ಒಂದನ್ನೂ ಬಿಡದೆ ಕೇಳುವವಳು. ಸುಟ್ಟ ಕಾಲಿನ ತಮ್ಮನನ್ನು ನೆಲದ ಮೇಲೆ ಬಿಟ್ಟು ಸ್ಟೂಲು ಹತ್ತಿದ್ದನ್ನು ಯಾರ ಮುಂದೆಯೂ ಹೇಳಲು ಸಾಧ್ಯವಿಲ್ಲವೆಂದು ಅವಳಿಗೆ ಅನಿಸಿತು. ಕೆಲಸ ಹೋಗುವ ಭಯವೂ ಇತ್ತು. ಅದನ್ನೇ ಕಾರಣವೆಂದು ಆಮೇಲೆ ತನಗೆ ತಾನು ಹೇಳಿಕೊಂಡಳು. ಕೆರೆಯ ಸುತ್ತ ಹಾಕಿದ ಆ ಎರಡು ಸುತ್ತನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

"ಅವನೇ ತೆಗೆದದ್ದು," ಎಂದಳು.

ದೊಡ್ಡಕ್ಕ ಮತ್ತೆ ಕೇಳಲಿಲ್ಲ. ಸಹಿ ಮಾಡಿ ಕಾಗದವನ್ನೂ ಪೆನ್ನನ್ನೂ ದಾಟಿಸಿದಳು. ಸೆಲ್ಲಕ್ಕನ ಸಹಿ ಗಡಿಯಾರದ ಕಾರ್ಖಾನೆಯ ಕಾಲದಿಂದಲೂ ಮುದ್ದಾದದ್ದು. ಅವತ್ತೂ ಹಾಗೆಯೇ ಬಂತು.

ತಮ್ಮನಿಗೆ ತಿಳಿಸುವ ಕೆಲಸ ಅವಳದಾಯಿತು. ಅವನು ಕಿಟಕಿಯ ಪಕ್ಕದ ಹಾಸಿಗೆಯ ಮೇಲೆ ಕುಳಿತಿದ್ದ. ಗಡ್ಡ ನುಣ್ಣಗೆ ಹೆರೆದಿದ್ದ. ಅವನ ಚೀಲ ಮಂಚದ ಮೇಲೆ, ಬಾಯಿ ಕಟ್ಟಿ ಇಟ್ಟಿತ್ತು. ಒಳಗೆ ಬಟ್ಟೆಗಳಿದ್ದವು.

"ಬಾ ಚಿಕ್ಕಕ್ಕ. ದೊಡ್ಡಕ್ಕ ಕೇಳಿದ್ಲಾ?"

"ಕೇಳಿದಳು."

"ನನ್ನನ್ನೂ ಹೋದ ವಾರ ಕೇಳಿದ್ಲು. ಚಿಕ್ಕಕ್ಕನ್ನ ಕೇಳು, ಅವಳಿಗೇ ಸರಿಯಾಗಿ ಗೊತ್ತು ಅಂದೆ." ಅವನು ನಕ್ಕ. "ಏನಂದೆ?"

"ನೀನೇ ತೆಗೆದೆ ಅಂದೆ."

ಅವನ ಮುಖದ ನಗು ತಕ್ಷಣ ಹೋಗಲಿಲ್ಲ. ಎಲ್ಲಿಡಬೇಕೆಂದು ತಿಳಿಯದ ವಸ್ತುವಿನಂತೆ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಪಕ್ಕದ ಹಾಸಿಗೆಯ ಮುದುಕ ಕೆಮ್ಮಿದ. ತಮ್ಮ ಚೀಲವನ್ನು ಹತ್ತಿರ ಎಳೆದುಕೊಂಡು ಅದರ ಗಂಟು ಬಿಚ್ಚತೊಡಗಿದ. ಬಲಗೈ ಇನ್ನೂ ಸ್ವಾಧೀನಕ್ಕೆ ಬಂದಿರಲಿಲ್ಲ; ಗಂಟು ಬಿಚ್ಚಿಕೊಳ್ಳಲಿಲ್ಲ. ಅವಳು ಸಹಾಯಕ್ಕೆ ಕೈ ಚಾಚಲು ಹೋದಳು.

"ಬೇಡ," ಎಂದ. ಆಮೇಲೆ ಗಂಟಿನ ಕಡೆಗೇ ನೋಡುತ್ತಾ ಹೇಳಿದ: "ನಾನು ಆ ಮಾತು ಹೇಳಿದ್ದು ಅವತ್ತಿಗೆ ಕಣೇ. ಯಾವತ್ತಿಗೂ ಅಲ್ಲ."

ಹೊರಗೆ ಊಟದ ಗಂಟೆ ಹೊಡೆಯಿತು. ಎಂಟೂ ಜನ ಏಳಬೇಕು, ಸಾಲಾಗಿ ಹೋಗಬೇಕು. ಅವನು ಊರುಗೋಲಿಗೆ ಕೈ ಹಾಕಿ ಎದ್ದು, ಪಾದ ಎಳೆಯುತ್ತಾ ಸಾಲಿನ ಕೊನೆಗೆ ಹೋಗಿ ನಿಂತ. ಸೆಲ್ಲಕ್ಕ ಮಂಚದ ಮೇಲೆ ಕುಳಿತು ಚೀಲದ ಗಂಟು ಬಿಚ್ಚಿದಳು. ಅವಳ ಬೆರಳಿಗೆ ಅದು ಎರಡು ಕ್ಷಣದ ಕೆಲಸ. ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಹಾಸಿಗೆಯ ಪಕ್ಕದ ಕಪಾಟಿನಲ್ಲಿ ಜೋಡಿಸಿಟ್ಟು ಹೊರಟಳು.